ಬೋರ್ಡು ಶಾಲೆಯ ಬೆಳಕು

ಮೇ ತಿಂಗಳ ಮೊದಲ ವಾರ ಬಂತೆಂದರೆ ಕರಾವಳಿಯ ಮನೆಗಳಲ್ಲಿ ಎರಡೇ ಮಾತು. ಅಂಗಳದಲ್ಲಿ ಹರಡಿದ ಹಲಸಿನ ಹಪ್ಪಳ ಒಣಗುವ ಮೊದಲೇ ಮಳೆ ಬಂದೀತೇ ಎಂಬುದು ಒಂದು. ಎಸ್ಸೆಸ್ಸೆಲ್ಸಿ ಫಲಿತಾಂಶ ಏನಾದೀತು ಎಂಬುದು ಇನ್ನೊಂದು. ಹಪ್ಪಳದ ಚಿಂತೆ ಅಜ್ಜಿಯದು, ಫಲಿತಾಂಶದ ಚಿಂತೆ ಮನೆಮಂದಿಯೆಲ್ಲರದು.

2025ರ ಮೇ 2ರಂದು ಪ್ರಕಟವಾದ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇಕಡಾ 91.12 ಪಡೆದು ರಾಜ್ಯಕ್ಕೆ ಪ್ರಥಮ ಸ್ಥಾನ ಗಳಿಸಿತು. 1997ರಲ್ಲಿ ಇದೇ ಜಿಲ್ಲೆಯಿಂದ ಬೇರೆಯಾದ ಉಡುಪಿ ಶೇಕಡಾ 89.96ರೊಂದಿಗೆ ದ್ವಿತೀಯ. ಉತ್ತರ ಕನ್ನಡ ಶೇಕಡಾ 83.19ರೊಂದಿಗೆ ತೃತೀಯ. ಅದರ ಹಿಂದಿನ ವರ್ಷ, ಅಂದರೆ 2024ರಲ್ಲಿ, ಉಡುಪಿ ಶೇಕಡಾ 94 ಪಡೆದು ಮೊದಲಿಗನಾಗಿದ್ದರೆ ದಕ್ಷಿಣ ಕನ್ನಡ ಶೇಕಡಾ 92.12ರೊಂದಿಗೆ ಬೆನ್ನಿಗೇ ಇತ್ತು. ಇಡೀ ರಾಜ್ಯದ ಫಲಿತಾಂಶ ಶೇಕಡಾ 70ನ್ನೂ ಮುಟ್ಟದ ವರ್ಷದಲ್ಲಿ ಒಂದು ಜಿಲ್ಲೆ 90 ದಾಟಿತೆಂದರೆ ಅದು ಸಣ್ಣ ಸಂಗತಿಯಲ್ಲ.

ಈ ಅಂಕಿಯಲ್ಲಿ ಸರಕಾರಿ, ಅನುದಾನಿತ, ಖಾಸಗಿ ಶಾಲೆಗಳ ಮಕ್ಕಳೆಲ್ಲರೂ ಸೇರಿದ್ದಾರೆ ಎಂಬುದು ನಿಜ. ಆದರೆ ಪೇಟೆಯ ಶಾಲೆಗಳು ಮಾತ್ರ ಚೆನ್ನಾಗಿ ಓದಿಸಿದರೆ ಜಿಲ್ಲೆಯ ಸರಾಸರಿ ಇಷ್ಟು ಮೇಲೇರುವುದಿಲ್ಲ. ಹಳ್ಳಿಯ ಮೂಲೆಯ ಸರಕಾರಿ ಪ್ರೌಢಶಾಲೆಯಲ್ಲಿ, ಹಿಂದಿನ ಬೆಂಚಿನಲ್ಲಿ ಕೂತ ಹುಡುಗನೂ ತೇರ್ಗಡೆಯಾದಾಗಲೇ ಆ ಗೆರೆ ಮೇಲಕ್ಕೆ ಹೋಗುತ್ತದೆ. ಹಾಗಾದರೆ ಆ ಹಿಂದಿನ ಬೆಂಚಿನ ಹುಡುಗನನ್ನು ದಡ ಮುಟ್ಟಿಸಿದವರು ಯಾರು? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ಮೂರು ಶೈಕ್ಷಣಿಕ ವಲಯಗಳ ಕಡೆಗೆ ಕಣ್ಣು ಹಾಯಿಸಿದರೆ ಉತ್ತರದ ಒಂದಷ್ಟು ಎಳೆಗಳು ಸಿಗುತ್ತವೆ.

ಮಳೆ, ಕಾಲುಸಂಕ ಮತ್ತು ಐದಾರು ಭಾಷೆ

ಜಿಲ್ಲೆಯಲ್ಲಿ ಶಿಕ್ಷಣ ಇಲಾಖೆಯ ಏಳು ವಲಯಗಳಿವೆ. ಅವುಗಳಲ್ಲಿ ಈ ಮೂರು ಒಂದಕ್ಕೊಂದು ಅಂಟಿಕೊಂಡಿವೆ. ಬಂಟ್ವಾಳ ನೇತ್ರಾವತಿಯ ದಂಡೆಯ ತಾಲೂಕು. 1923 ಮತ್ತು 1974ರ ಮಹಾನೆರೆಗಳನ್ನು ಅಲ್ಲಿನ ಹಿರಿಯರು ಇಂದಿಗೂ ಕಾಲ ಎಣಿಸಲು ಬಳಸುತ್ತಾರೆ. ಬೆಳ್ತಂಗಡಿ ಪಶ್ಚಿಮ ಘಟ್ಟದ ಬುಡದ ತಾಲೂಕು. ಚಾರ್ಮಾಡಿ ಘಾಟಿಯೂ, 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚೂ ಇದಕ್ಕೆ ಸೇರಿವೆ. ಮೂಡುಬಿದಿರೆ ಸಾವಿರ ಕಂಬದ ಬಸದಿಯ ಊರು, ತಾಲೂಕಾಗಿ ಹೊಸದು.

ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 4000 ಮಿಲಿಮೀಟರ್. ಬಯಲುಸೀಮೆಯಂತೆ ಮನೆಗಳು ಒತ್ತೊತ್ತಾಗಿಲ್ಲ. ಅಡಿಕೆ ತೋಟದ ನಡುವೆ ಒಂದು, ಗುಡ್ಡದ ಓರೆಗೆ ಒಂದು. ಶಾಲೆಯೋ ಅನೇಕ ಕಡೆ ಪದವಿನ ಮೇಲೆ. ಮನೆ ಕೆಳಗೆ, ಶಾಲೆ ಮೇಲೆ, ನಡುವೆ ತುಂಬಿ ಹರಿಯುವ ತೋಡು. ಅಡಿಕೆ ಮರ ಜೋಡಿಸಿ ಹಾಸಿದ ಕಾಲುಸಂಕದ ಮೇಲೆ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ತಂಗಿಯ ಕೈ ಹಿಡಿದು ದಾಟುವ ಮಕ್ಕಳ ಚಿತ್ರ ಇಲ್ಲಿನವರಿಗೆ ಹೊಸದಲ್ಲ. ಇಂಥ ಮಕ್ಕಳಿಗಾಗಿಯೇ ಸರಕಾರ 'ಶಾಲಾ ಸಂಪರ್ಕ ಸೇತು' ಎಂಬ ಯೋಜನೆ ತಂದು ಮಲೆನಾಡು, ಕರಾವಳಿಯ ಹಲವೆಡೆ ಕಿರುಸೇತುವೆ ಕಟ್ಟಿಸಿತು. ಜೂನ್, ಜುಲೈ ತಿಂಗಳಲ್ಲಿ ಮಳೆ ಜೋರಾದರೆ ರಜೆ. ಆ ಪಾಠವನ್ನು ಮುಂದೆ ಶನಿವಾರ ಮಧ್ಯಾಹ್ನ ಕೂರಿಸಿ ಮುಗಿಸಬೇಕು. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿಯ ಘಟ್ಟದ ಬುಡದ ಹಳ್ಳಿಗಳು ನೆರೆಗೆ ತುತ್ತಾದ ವರ್ಷವಂತೂ ಪುಸ್ತಕ ಒಣಗಿಸುವುದೇ ದೊಡ್ಡ ಕೆಲಸವಾಗಿತ್ತು.

ಇನ್ನೊಂದು ಸಂಗತಿಯನ್ನು ಹೊರಗಿನವರು ಗಮನಿಸುವುದು ಕಡಿಮೆ. ಇಲ್ಲಿನ ಬಹಳಷ್ಟು ಮಕ್ಕಳ ಮನೆಮಾತು ಕನ್ನಡವಲ್ಲ. ತುಳು, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕರ ಕನ್ನಡ, ಮಲೆಕುಡಿಯರ ಮಾತು ಎಲ್ಲವೂ ಒಂದೇ ಒಂದನೇ ತರಗತಿಯಲ್ಲಿ ಕೂತಿರುತ್ತವೆ. 'ಬಲ' ಎಂದರೆ ಶಕ್ತಿ ಎಂದು ಪುಸ್ತಕ ಹೇಳಿದರೆ 'ಬಾ' ಎಂದು ತುಳುವ ಮಗುವಿಗೆ ಕೇಳಿಸುತ್ತದೆ. ಆ ಮಗುವಿನ ಮನೆಮಾತಿನಿಂದ ಶುರುಮಾಡಿ ಮೆಲ್ಲಗೆ ಶಾಲೆಯ ಕನ್ನಡಕ್ಕೆ ಕರೆತರುವ ಕೆಲಸ ಒಂದನೇ ತರಗತಿಯ ಟೀಚರದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ 'ನಲಿ-ಕಲಿ' ಪದ್ಧತಿ ರಾಜ್ಯಕ್ಕೆಲ್ಲ ಹರಡಿದ ಮೇಲೆ ಕಾರ್ಡು, ಚಿತ್ರ, ಹಾಡುಗಳ ಸಹಾಯ ಸಿಕ್ಕಿತು. ಆದರೆ ಮಗುವಿನ ಭಾಷೆಯಲ್ಲೇ 'ಊಟ ಆಯಿತೇ' ಎಂದು ಕೇಳುವ ಬಾಯಿ ಯಾವ ಕಾರ್ಡಿನಲ್ಲೂ ಇಲ್ಲ. 2010-11ರಲ್ಲಿ ತುಳು ತೃತೀಯ ಭಾಷೆಯಾಗಿ ಶಾಲೆಯೊಳಗೆ ಕಾಲಿಟ್ಟದ್ದು ಈ ಮನೆಮಾತಿಗೆ ಸಂದ ಒಂದು ಗೌರವ.

ಹತ್ತು ವರ್ಷಗಳ ಬಳಿಕ ಅದೇ ಮಗು ಕನ್ನಡ ಪ್ರಥಮ ಭಾಷೆಯಲ್ಲಿ 125ಕ್ಕೆ 120 ಪಡೆದಾಗ ಪತ್ರಿಕೆಯಲ್ಲಿ ಅದರ ಫೋಟೊ ಬರುತ್ತದೆ. ಒಂದನೇ ತರಗತಿಯ ಟೀಚರ ಫೋಟೊ ಬರುವುದಿಲ್ಲ.

ಬಂಟ್ವಾಳದ ಒಬ್ಬ ಹಳೆಯ ಮಾಷ್ಟ್ರು

ಮಗುವಿನ ಮಟ್ಟಕ್ಕೆ ಇಳಿದು ಕಲಿಸುವ ಈ ಪರಂಪರೆಗೆ ಈ ನೆಲದಲ್ಲಿ ದೊಡ್ಡ ಹೆಸರೊಂದಿದೆ. ಪಂಜೆ ಮಂಗೇಶರಾಯರು ಹುಟ್ಟಿದ್ದು 1874ರಲ್ಲಿ, ಇದೇ ಬಂಟ್ವಾಳದಲ್ಲಿ. ಮಂಗಳೂರಿನಲ್ಲಿ ಅಧ್ಯಾಪಕರಾಗಿ, ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರಾಗಿ, ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾಗಿ ಕೆಲಸ ಮಾಡಿದರು. ಇನ್‌ಸ್ಪೆಕ್ಟರು ಬರುತ್ತಾರೆಂದರೆ ಶಾಲೆಯೇ ನಡುಗುತ್ತಿದ್ದ ಕಾಲ ಅದು. ಮಕ್ಕಳಿಗೆ ಓದಲು ರುಚಿಯಾದದ್ದು ಏನೂ ಇಲ್ಲವೆಂಬ ಕೊರತೆಯನ್ನು ಪಂಜೆಯವರು ಹತ್ತಿರದಿಂದ ಬಲ್ಲವರಾಗಿದ್ದರು. ಅವರು ಬರೆದ ಶಿಶುಗೀತೆಗಳೂ ಕತೆಗಳೂ ಪಠ್ಯಪುಸ್ತಕಗಳ ಮೂಲಕ ನಾಡಿನ ಮಕ್ಕಳ ನಾಲಗೆಯ ಮೇಲೆ ಕುಣಿದವು. 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿದರು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು. 1937ರಲ್ಲಿ ಅವರು ತೀರಿಕೊಂಡರೂ ಅವರ ಹಾಡು ಗೊತ್ತಿಲ್ಲದ ಕನ್ನಡ ಶಾಲೆ ಇಲ್ಲ.

ಆ ಕಾಲದಲ್ಲಿ ಈ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಜಿಲ್ಲಾ ಬೋರ್ಡು ನಡೆಸುತ್ತಿದ್ದ ಶಾಲೆ 'ಬೋರ್ಡು ಶಾಲೆ'. ಬೋರ್ಡು ಹೋಗಿ ಎಷ್ಟೋ ದಶಕಗಳಾದವು, ಹೆಸರು ಮಾತ್ರ ಹಿರಿಯರ ಬಾಯಲ್ಲಿ ಉಳಿದಿದೆ. ಅಂಥ ಹಲವು ಶಾಲೆಗಳು ಈಗ ನೂರು ವರ್ಷ ದಾಟಿವೆ. ಶತಮಾನೋತ್ಸವದ ಚಪ್ಪರದಲ್ಲಿ ಮುಂಬಯಿಯಿಂದ, ದುಬೈಯಿಂದ ಬಂದ ಹಳೆ ವಿದ್ಯಾರ್ಥಿಗಳು ಕೂತು ಮಾಷ್ಟ್ರ ಬೆತ್ತವನ್ನೂ ಪ್ರೀತಿಯನ್ನೂ ನೆನೆಯುತ್ತಾರೆ.

ಗಡಾಯಿಕಲ್ಲಿನ ಬುಡದಲ್ಲಿ ಗಣಿತ

ಬೆಳ್ತಂಗಡಿ ತಾಲೂಕಿನ ನಡ ಗ್ರಾಮ ಗಡಾಯಿಕಲ್ಲಿನ ತಪ್ಪಲಿನಲ್ಲಿದೆ. ಬಂಡೆಯ ನೆತ್ತಿಯಲ್ಲಿ ಟಿಪ್ಪು ಕಟ್ಟಿಸಿದ ಜಮಲಾಬಾದ್ ಕೋಟೆ. ಇದೇ ನಡದ ಸರಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕ ಯಾಕೂಬ್ ಕೊಯ್ಯೂರು ಅವರಿಗೆ 2020ರ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ ಬಂತು. ಆ ವರ್ಷ ದೇಶಕ್ಕೆಲ್ಲ ಸೇರಿ ಆಯ್ಕೆಯಾದವರು 47 ಮಂದಿ. ಕೊರೊನಾ ಹಾವಳಿಯ ಕಾರಣ ಆ ಸೆಪ್ಟೆಂಬರ್ 5ರಂದು ದಿಲ್ಲಿಯ ಸಮಾರಂಭ ಎಂದಿನಂತೆ ನಡೆಯಲಿಲ್ಲ. ರಾಷ್ಟ್ರಪತಿ ರಾಮನಾಥ ಕೋವಿಂದರು ದೃಶ್ಯ ಸಂಪರ್ಕದ ಮೂಲಕವೇ ಪ್ರಶಸ್ತಿ ಪ್ರದಾನ ಮಾಡಿದರು.

ಸರಕಾರಿ ಶಾಲೆಯೊಳಗೆ ಗಣಿತ ಪ್ರಯೋಗಾಲಯವನ್ನು ಕಟ್ಟಿದ್ದು ಯಾಕೂಬ್ ಅವರ ಮುಖ್ಯ ಸಾಧನೆ. ವಿಜ್ಞಾನಕ್ಕೆ ಪ್ರಯೋಗಾಲಯ ಬೇಕೆಂದು ಎಲ್ಲರೂ ಒಪ್ಪುತ್ತಾರೆ. ಗಣಿತಕ್ಕೆ ಯಾಕೆ ಎಂದು ಕೇಳುವವರೇ ಹೆಚ್ಚು. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಮಕ್ಕಳು ಎಡವುವುದು ಹೆಚ್ಚಾಗಿ ಈ ವಿಷಯದಲ್ಲೇ.

ಒಂದು ಉದಾಹರಣೆ ನೋಡಬಹುದು. ಶಂಕುವಿನ ಗಾತ್ರ ಸಿಲಿಂಡರಿನ ಗಾತ್ರದ ಮೂರನೇ ಒಂದು ಭಾಗ ಎಂದು ಸೂತ್ರ ಬಾಯಿಪಾಠ ಮಾಡಿದ ಹುಡುಗ ಪರೀಕ್ಷೆಯ ದಿನ ಅದನ್ನು ಎರಡನೇ ಒಂದು ಎಂದು ಬರೆದಾನು. ಅದೇ ಹುಡುಗನ ಕೈಗೆ ಒಂದೇ ಎತ್ತರ, ಒಂದೇ ಬಾಯಗಲ ಇರುವ ಒಂದು ಶಂಕುವನ್ನೂ ಒಂದು ಸಿಲಿಂಡರನ್ನೂ ಕೊಟ್ಟು, ಶಂಕುವಿನಲ್ಲಿ ಮರಳು ತುಂಬಿ ಸಿಲಿಂಡರಿಗೆ ಸುರಿಯಲು ಹೇಳಿದರೆ? ಒಂದು ಸಲ ಸುರಿದ, ತುಂಬಲಿಲ್ಲ. ಎರಡು ಸಲ, ಇನ್ನೂ ಇಲ್ಲ. ಮೂರನೆಯ ಸಲಕ್ಕೆ ಬಾಯಿಮಟ್ಟ. ಆ ಮೂರು ಸಲವನ್ನು ಅವನು ಜೀವಮಾನವಿಡೀ ಮರೆಯಲಾರ. ಬೀಜಗಣಿತದ ವರ್ಗವಿಸ್ತರಣೆಯೂ ಹೀಗೆಯೇ. ಎ ಮತ್ತು ಬಿ ಅಳತೆಯ ರಟ್ಟಿನ ತುಂಡುಗಳನ್ನು ಕತ್ತರಿಸಿ ಒಂದು ದೊಡ್ಡ ಚೌಕ ಜೋಡಿಸಿದಾಗ, ಒಂದು ಎ-ವರ್ಗ, ಒಂದು ಬಿ-ವರ್ಗ, ಎರಡು ಎಬಿ ಆಯತಗಳು ಕಣ್ಣೆದುರೇ ಬಂದು ಕೂರುತ್ತವೆ. ಆ 'ಎರಡು ಎಬಿ' ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಉಳಿಯುವುದಿಲ್ಲ.

ಪ್ರಯೋಗಾಲಯ ಇಲ್ಲದ ಊರಿನ ಮಕ್ಕಳೂ ನಿರಾಶರಾಗಬೇಕಿಲ್ಲ. ಕೋನಮಾಪಕದ ನಡುವಿಗೆ ನೂಲು ಕಟ್ಟಿ, ನೂಲಿನ ತುದಿಗೆ ಸಣ್ಣ ಕಲ್ಲು ತೂಗಿಬಿಟ್ಟರೆ ಎತ್ತರ ಅಳೆಯುವ ಉಪಕರಣ ಸಿದ್ಧ. ಸಮತಟ್ಟಾದ ಬಯಲಿನಲ್ಲಿ ಒಂದು ಕಡೆ ನಿಂತು ಗುಡ್ಡದ ತುದಿಯ ಕೋನ ಅಳೆದು, ಅದೇ ನೇರದಲ್ಲಿ ನೂರು ಮೀಟರ್ ಹಿಂದೆ ಸರಿದು ಇನ್ನೊಮ್ಮೆ ಅಳೆದರೆ, ಹತ್ತನೇ ತರಗತಿಯ ತ್ರಿಕೋನಮಿತಿಯಿಂದಲೇ ಗುಡ್ಡದ ಎತ್ತರ ಅಂದಾಜಾಗುತ್ತದೆ. ಗಡಾಯಿಕಲ್ಲಿನಂಥ ಬಂಡೆ ಕಣ್ಣೆದುರಿಗೆ ಇರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಯಾವ ಪುಸ್ತಕದಲ್ಲಿ ಸಿಕ್ಕೀತು!

ಮುಚ್ಚಬೇಕಿದ್ದ ಶಾಲೆ ತುಂಬಿದ ಕತೆ

ಒಬ್ಬ ಶಿಕ್ಷಕನ ಶ್ರಮ ನಡದ್ದಾದರೆ, ಒಂದು ಊರಿನ ಹಠ ದಡ್ಡಲಕಾಡಿನದು. ಬಂಟ್ವಾಳ ತಾಲೂಕಿನ ಮೂಡನಡುಗೋಡು ಗ್ರಾಮದ ಈ ಸರಕಾರಿ ಶಾಲೆಯಲ್ಲಿ 2010ರ ದಶಕದ ಮಧ್ಯಭಾಗಕ್ಕೆ ಉಳಿದಿದ್ದ ಮಕ್ಕಳು ಮೂವತ್ತಕ್ಕೂ ಕಡಿಮೆ. ಇನ್ನೆರಡು ವರ್ಷ ಹೀಗೇ ಹೋದರೆ ಬೀಗ ಬೀಳುವುದು ಖಚಿತ ಎಂಬಂತಿತ್ತು. ಅಷ್ಟರಲ್ಲಿ ಕರೆಂಕಿಯ ಶ್ರೀ ದುರ್ಗಾ ಫ್ರೆಂಡ್ಸ್ ಕ್ಲಬ್ ಎಂಬ ಯುವಕರ ಸಂಘ ಪ್ರಕಾಶ್ ಅಂಚನ್ ಅವರ ನೇತೃತ್ವದಲ್ಲಿ ಶಾಲೆಯ ಬೆನ್ನಿಗೆ ನಿಂತಿತು.

ಅವರು ಮೊದಲು ಕೇಳಿಕೊಂಡ ಪ್ರಶ್ನೆ ಸರಳವಾದದ್ದು. ಹೆತ್ತವರು ಮಕ್ಕಳನ್ನು ಬೇರೆಡೆಗೆ ಕಳುಹಿಸುವುದು ಯಾಕೆ? ಅಲ್ಲಿ ವಾಹನ ಮನೆಬಾಗಿಲಿಗೆ ಬರುತ್ತದೆ, ಮೂರೂವರೆ ವರ್ಷಕ್ಕೇ ಎಲ್‌ಕೆಜಿ ಇದೆ, ಇಂಗ್ಲಿಷು ಇದೆ, ಕಟ್ಟಡ ಚೆಂದ ಇದೆ. ಹಾಗಾದರೆ ಅವೆಲ್ಲವೂ ಸರಕಾರಿ ಶಾಲೆಯಲ್ಲೇ ಸಿಗಲಿ ಎಂದರು. ದಾನಿಗಳನ್ನು ಹುಡುಕಿದರು, ಶಾಲಾ ವಾಹನ ಓಡಿಸಿದರು, ಕೊಠಡಿಗಳು ಎದ್ದವು, ಶಿಶುವಿಹಾರದ ತರಗತಿಗಳು ಬಂದವು. ಕೆಲವೇ ವರ್ಷಗಳಲ್ಲಿ ಮಕ್ಕಳ ಸಂಖ್ಯೆ ಎರಡಂಕಿಯಿಂದ ನೂರು ದಾಟಿ ಮೇಲೆ ಮೇಲೆ ಹೋಯಿತು. ಸರಕಾರಿ ಶಾಲೆಗಳನ್ನು ಉಳಿಸಿ ಬೆಳೆಸಬೇಕೆಂಬ ಚಳವಳಿಗೆ ದಡ್ಡಲಕಾಡು ಒಂದು ಗುರುತಾಯಿತು. ದೂರದ ಊರುಗಳವರು ನೋಡಿ ಹೋಗಲು ಬಂದರು.

ಈ ಕತೆಯಲ್ಲಿ ಒಂದು ಅಂಶವನ್ನು ಮರೆಯುವಂತಿಲ್ಲ. ವಾಹನ ಮಕ್ಕಳನ್ನು ಶಾಲೆಯವರೆಗೆ ತರಬಲ್ಲದು, ಒಳಗೆ ಹಿಡಿದಿಡಲಾರದು. ಬಂದ ಮಗು ಮರುವರ್ಷವೂ ಉಳಿದದ್ದು, ತಮ್ಮನನ್ನೂ ಕರೆತಂದದ್ದು ತರಗತಿಯಲ್ಲಿ ಕಲಿಸುವವರಿದ್ದುದರಿಂದ.

ನೆರೆಯ ಹರೇಕಳದ ಕತೆ ನಾಡಿಗೆಲ್ಲ ಗೊತ್ತು. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದ ಹಾಜಬ್ಬರು ತಮಗಿಲ್ಲದ ಅಕ್ಷರ ಊರಿನ ಮಕ್ಕಳಿಗಾದರೂ ಸಿಗಲೆಂದು ನ್ಯೂಪಡ್ಪುವಿಗೆ ಸರಕಾರಿ ಶಾಲೆ ತರಿಸಿದರು. ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಿನಲ್ಲಿ ನಡೆದು ಹೋಗಿ ಅದನ್ನು ಸ್ವೀಕರಿಸಿದರು. ಶಾಲೆಯಿಲ್ಲದ ಕಡೆ ಶಾಲೆ ತಂದವರು ಹಾಜಬ್ಬ. ಇದ್ದ ಶಾಲೆಯನ್ನು ಉಳಿಸಿಕೊಂಡವರು ದಡ್ಡಲಕಾಡಿನವರು.

ವಿದ್ಯಾನಗರಿಯ ನೆರಳಿನಲ್ಲಿ

ಮೂಡುಬಿದಿರೆಯ ಸ್ಥಿತಿ ಬೇರೆ. ತಾಳೆಗರಿಯ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳನ್ನು ಶತಮಾನಗಳ ಕಾಲ ಜೋಪಾನ ಮಾಡಿದ ಊರು, ರತ್ನಾಕರವರ್ಣಿಯ ಊರು ಈಗ ವಿದ್ಯಾನಗರಿಯೆಂದೇ ಹೆಸರಾಗಿದೆ. ರಾಜ್ಯದ ಮೂಲೆಮೂಲೆಯಿಂದ ಮಕ್ಕಳು ಇಲ್ಲಿನ ದೊಡ್ಡ ಖಾಸಗಿ ವಿದ್ಯಾಸಂಸ್ಥೆಗಳಿಗೆ ಬರುತ್ತಾರೆ. 2022ರ ಡಿಸೆಂಬರಿನಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ನ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದದ್ದೂ ಇಲ್ಲಿಯೇ. ಇಂಥ ಊರಿನಲ್ಲಿ ಸರಕಾರಿ ಶಾಲೆಯ ಹೆಡ್‌ಮಾಷ್ಟ್ರಾಗಿರುವುದು ಸುಲಭವಲ್ಲ. ಚುರುಕಾದ ಮಗುವೊಂದು ಐದನೇ ತರಗತಿ ಮುಗಿಸಿತೆಂದರೆ ಪ್ರವೇಶ ಪರೀಕ್ಷೆ ಬರೆದು ಬೇರೆ ಕಡೆಗೆ ಹೋಗುವ ಸಾಧ್ಯತೆಯೇ ಹೆಚ್ಚು. ಮಗುವಿಗೆ ಒಳ್ಳೆಯದಾಗಲಿ ಎಂದು ಹರಸಿ ಕಳುಹಿಸಬೇಕು, ಉಳಿದ ಮಕ್ಕಳನ್ನು ಕಟ್ಟಿಕೊಂಡು ಮುಂದೆ ಸಾಗಬೇಕು.

ಆದರೂ ಉಳಿದ ಮಕ್ಕಳು ಬರಿಗೈಯಲ್ಲಿ ನಿಂತಿಲ್ಲ. ಪ್ರತಿಭಾ ಕಾರಂಜಿಯ ವೇದಿಕೆಯಲ್ಲಿ ಕ್ಲಸ್ಟರಿನಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ ಏರುವ ಮಕ್ಕಳಲ್ಲಿ ಸರಕಾರಿ ಶಾಲೆಯವರು ಇದ್ದೇ ಇರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಯಕ್ಷಧ್ರುವ ಪಟ್ಲ ಫೌಂಡೇಶನ್ ಜಿಲ್ಲೆಯ ಶಾಲೆಗಳಲ್ಲಿ ಉಚಿತ ಯಕ್ಷಗಾನ ಶಿಕ್ಷಣ ಆರಂಭಿಸಿದ ಮೇಲೆ, ತರಗತಿಯಲ್ಲಿ ತಲೆತಗ್ಗಿಸಿ ಕೂರುತ್ತಿದ್ದ ಹುಡುಗ ಗೆಜ್ಜೆ ಕಟ್ಟಿ ಅರ್ಥ ಹೇಳುವುದನ್ನು ಕಂಡು ಹೆತ್ತವರೇ ಬೆರಗಾಗುತ್ತಾರೆ. ಶುದ್ಧ ಕನ್ನಡ, ಜ್ಞಾಪಕಶಕ್ತಿ, ಸಭಾಧೈರ್ಯ ಮೂರೂ ಒಂದೇ ಮೇಳದಲ್ಲಿ ಸಿಗುತ್ತವೆ.

ವಿಜ್ಞಾನದಲ್ಲಿ ಆಸಕ್ತಿಯಿರುವವರಿಗೆ ಕೇಂದ್ರ ಸರಕಾರದ 'ಇನ್‌ಸ್ಪೈರ್ ಮಾನಕ್' ಇದೆ. ಆರನೇ ತರಗತಿಗೆ ಬಂದ ಮಗು ತನ್ನ ಊರಿನ ಕಷ್ಟಕ್ಕೆ ಪರಿಹಾರವಾಗುವ ಒಂದು ಹೊಸ ಯೋಚನೆಯನ್ನು ಶಾಲೆಯ ಮೂಲಕ ಕಳುಹಿಸಬೇಕು. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ. ಅಡಿಕೆ ಸುಲಿಯುವ ಬೇನೆ, ಮಳೆಗಾಲದಲ್ಲಿ ಬಟ್ಟೆ ಒಣಗದ ಗೋಳು, ತೋಟಕ್ಕೆ ಬರುವ ಮಂಗಗಳ ಕಾಟ ಕಂಡುಂಡ ಮಗುವಿಗೆ ವಿಷಯ ಹುಡುಕಲು ಪೇಟೆಗೆ ಹೋಗಬೇಕಿಲ್ಲ.

ಲೆಕ್ಕಕ್ಕೆ ಬಾರದ ಕೆಲಸ

ಶಿಕ್ಷಕರ ದುಡಿಮೆಯೆಂದರೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆ ಎಂದುಕೊಂಡವರು ಜನವರಿಯ ಒಂದು ಸಂಜೆ ಯಾವುದಾದರೂ ಸರಕಾರಿ ಪ್ರೌಢಶಾಲೆಯ ಕಡೆ ಹೋಗಿ ನೋಡಬೇಕು. ಹತ್ತನೇ ತರಗತಿಯ ಕೋಣೆಯಲ್ಲಿ ದೀಪ ಉರಿಯುತ್ತಿರುತ್ತದೆ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ನಾಲ್ಕೈದು ಜನರಂತೆ ಹಂಚಿಕೊಂಡು ಒಬ್ಬೊಬ್ಬ ಶಿಕ್ಷಕರು 'ದತ್ತು' ತೆಗೆದುಕೊಳ್ಳುವ ರೂಢಿ ಹಲವು ಶಾಲೆಗಳಲ್ಲಿದೆ. ಬೆಳಗ್ಗಿನ ಜಾವ ಫೋನು ಮಾಡಿ ಎಬ್ಬಿಸುವುದು, ಎರಡು ದಿನ ಬಾರದ ಹುಡುಗನ ಮನೆಗೆ ಹೋಗಿ ಕಾರಣ ಕೇಳುವುದು, ಬೀಡಿ ಕಟ್ಟುವ ತಾಯಿಯ ಪಕ್ಕ ಕೂತು 'ಇನ್ನು ಮೂರು ತಿಂಗಳು ಅವಳಿಗೆ ಮನೆಕೆಲಸ ಹೇಳಬೇಡಿ ಅಮ್ಮ' ಎಂದು ಒಪ್ಪಿಸುವುದು. ಇದಕ್ಕೆಲ್ಲ ಹಾಜರಿ ಪುಸ್ತಕದಲ್ಲಿ ಕಾಲಮು ಇಲ್ಲ.

ಕೊರೊನಾ ಕಾಲದಲ್ಲಿ ಇದು ಎಲ್ಲರ ಕಣ್ಣಿಗೂ ಬಿತ್ತು. 2020ರ ಜೂನ್ ಕೊನೆಯಲ್ಲಿ, ಸೋಂಕಿನ ಭಯದ ನಡುವೆಯೇ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಗಡಿ ಮುಚ್ಚಿದ್ದರಿಂದ ಕಾಸರಗೋಡಿನ ಮಕ್ಕಳನ್ನು ತಲಪಾಡಿಯಿಂದ ವಾಹನದಲ್ಲಿ ಕರೆತಂದು ಪರೀಕ್ಷೆ ಬರೆಸಿ ಮರಳಿ ಬಿಡಲಾಯಿತು. ಅದೇ ಆಗಸ್ಟಿನಲ್ಲಿ 'ವಿದ್ಯಾಗಮ' ಬಂದಾಗ ಶಿಕ್ಷಕರು ದೇವಸ್ಥಾನದ ಜಗಲಿ, ಮರದ ನೆರಳು, ಯಾರದೋ ಮನೆಯ ಚಾವಡಿ ಎಂದು ಮಕ್ಕಳಿದ್ದಲ್ಲಿಗೇ ಹೋದರು. ಘಟ್ಟದ ಬುಡದಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ ಮಾತ್ರ. 2021ರ ಮಳೆಗಾಲದಲ್ಲಿ ನೆರೆಯ ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ ರಸ್ತೆ ಬದಿ ಕೂತು ಪಾಠ ಕೇಳುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಸುತ್ತಿತು.

ಶಾಲೆಯ ಅಡುಗೆಮನೆಯನ್ನೂ ಮರೆಯಬಾರದು. ಅಕ್ಷರ ದಾಸೋಹದ ಲೆಕ್ಕದಲ್ಲಿ ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ, ಅದರ ಮೇಲಿನವರಿಗೆ 150 ಗ್ರಾಂ ಧಾನ್ಯ. 2013ರಿಂದ ಕ್ಷೀರಭಾಗ್ಯದ ಹಾಲು, ಈಚೆಗೆ ಮೊಟ್ಟೆ, ಬಾಳೆಹಣ್ಣು. ಇವೆಲ್ಲವನ್ನೂ ಹೊತ್ತಿಗೆ ಸರಿಯಾಗಿ ಬೇಯಿಸಿ ಬಡಿಸುವವರು ಅತಿ ಕಡಿಮೆ ಗೌರವಧನ ಪಡೆಯುವ ಅಡುಗೆಯ ಅಕ್ಕಂದಿರು. ಯಾವ ಮಗು ಎರಡನೇ ಸಲ ಅನ್ನ ಕೇಳಿತು, ಯಾವುದು ತಟ್ಟೆಯನ್ನು ಹಾಗೇ ಬಿಟ್ಟಿತು ಎಂಬುದು ಮೊದಲು ಗೊತ್ತಾಗುವುದು ಅವರಿಗೆ. ಹಸಿದ ಹೊಟ್ಟೆಗೆ ಪಾಠ ಇಳಿಯದು ಎಂಬ ಸತ್ಯ ತಿಳಿದವರು ಫಲಿತಾಂಶದ ಶ್ರೇಯಸ್ಸಿನಲ್ಲಿ ಅವರಿಗೂ ಪಾಲು ಕೊಡುತ್ತಾರೆ.

ಇದರ ನಡುವೆ ಚುನಾವಣೆ, ಮತದಾರರ ಪಟ್ಟಿ, ಗಣತಿ. 2025ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಶಿಕ್ಷಕರು ದಸರಾ ರಜೆಯಲ್ಲಿ ಮನೆ ಮನೆ ಅಲೆದರು. ಅದು ಮುಗಿಯದೆ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ತಪ್ಪಿದ ಪಾಠ ಯಾರ ತಲೆಯ ಮೇಲೆ? ಮತ್ತೆ ಅದೇ ಸಂಜೆಯ ತರಗತಿಗಳ ಮೇಲೆ. ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರು ತುಂಬುತ್ತಾರೆ. ಅದೂ ಸಾಲದಿದ್ದರೆ ಊರಿನವರೇ ಹಣ ಕೂಡಿಸಿ ಗೌರವ ಶಿಕ್ಷಕಿಯೊಬ್ಬರನ್ನು ನೇಮಿಸಿಕೊಳ್ಳುತ್ತಾರೆ.

ಹೆಮ್ಮೆಯ ಜೊತೆಗೊಂದು ಆತಂಕ

ಇಷ್ಟೆಲ್ಲ ಇದ್ದೂ ಸರಕಾರಿ ಶಾಲೆಯ ಒಂದನೇ ತರಗತಿಯ ಬೆಂಚುಗಳು ವರ್ಷದಿಂದ ವರ್ಷಕ್ಕೆ ಖಾಲಿಯಾಗುತ್ತಿರುವುದು ಮುಚ್ಚಿಡಲಾಗದ ಸತ್ಯ. ಮನೆಗೊಂದು, ಹೆಚ್ಚೆಂದರೆ ಎರಡು ಮಕ್ಕಳು. ಅವರೂ ಹಳದಿ ಬಣ್ಣದ ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. ಮಕ್ಕಳು ಕಡಿಮೆಯಾದರೆ ನಿಯಮದಂತೆ ಶಿಕ್ಷಕರ ಹುದ್ದೆ ಕಡಿಮೆಯಾಗುತ್ತದೆ. ಇಬ್ಬರು ಶಿಕ್ಷಕರು ಐದು ತರಗತಿ ನೋಡಿಕೊಳ್ಳಬೇಕಾದಾಗ ಕಲಿಕೆ ಕುಂದುತ್ತದೆ. ಕಲಿಕೆ ಕುಂದಿತೆಂದು ಉಳಿದವರೂ ಬಿಡುತ್ತಾರೆ. ಬಾವಿಯ ನೀರು ಸೇದುವವರಿಲ್ಲದೆ ಕೆಟ್ಟಂತೆ, ಶಾಲೆಯೂ ಬಳಸುವವರಿಲ್ಲದೆ ಕೆಡುತ್ತದೆ.

ಹೆತ್ತವರನ್ನು ದೂರುವುದು ಸುಲಭ. ಆದರೆ ಮಗಳು ಮುಂದೆ ಇಂಗ್ಲಿಷಿನಲ್ಲಿ ತಡವರಿಸಬಾರದು ಎಂದು ಒಬ್ಬ ಕೂಲಿಕಾರ ಬಯಸಿದರೆ ತಪ್ಪೇನು? ಸರಕಾರವೂ ಇದನ್ನು ಅರಿತು 2018-19ರಿಂದ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ತೆರೆಯಿತು. 2019-20ರಿಂದ ಆಯ್ದ 1000 ಸರಕಾರಿ ಶಾಲೆಗಳಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್ ಮಾಧ್ಯಮ ತರಗತಿಗಳನ್ನೂ ಆರಂಭಿಸಿತು. ಬೆಳ್ತಂಗಡಿ ತಾಲೂಕಿನ ಪುಂಜಾಲಕಟ್ಟೆಯಲ್ಲಿರುವುದು ಅಂಥದೊಂದು ಪಬ್ಲಿಕ್ ಶಾಲೆ. ಒಂದನೇ ತರಗತಿಗೆ ಸೇರಿದ ಮಗು ಪಿಯುಸಿ ಮುಗಿಸಿ ಹೊರಬರಲು ಅಲ್ಲಿ ಅವಕಾಶವಿದೆ. ಆದರೆ ದೊಡ್ಡ ಶಾಲೆ ಎಷ್ಟು ಚೆನ್ನಾಗಿದ್ದರೂ ಆರು ವರ್ಷದ ಮಗುವಿಗೆ ಮನೆಯ ಹತ್ತಿರದ ಸಣ್ಣ ಶಾಲೆ ಬೇಕೇ ಬೇಕು. ಅದು ಮುಚ್ಚಿದರೆ ಮೊದಲು ಶಾಲೆ ತಪ್ಪುವುದು ಕಾಡಂಚಿನ ಬಡವರ ಮಗುವಿಗೆ, ಅದರಲ್ಲೂ ಹೆಣ್ಣುಮಗುವಿಗೆ.

ವಿದ್ಯಾರ್ಥಿಗಳಿಗೆ, ಹೆತ್ತವರಿಗೆ ಕೆಲವು ಮಾತು

ಎಂಟನೇ ತರಗತಿಯಲ್ಲಿರುವ ಸರಕಾರಿ, ಅನುದಾನಿತ ಶಾಲೆಯ ಮಕ್ಕಳು ಎನ್‌ಎಂಎಂಎಸ್ ಪರೀಕ್ಷೆಯನ್ನು ತಪ್ಪಿಸಿಕೊಳ್ಳಬಾರದು. ಹೆತ್ತವರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರದಿದ್ದರೆ ಬರೆಯಬಹುದು. ಒಂದು ಪತ್ರಿಕೆ ಬುದ್ಧಿಶಕ್ತಿಯದು, ಇನ್ನೊಂದು ಪಠ್ಯವಿಷಯದ್ದು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ನಾಲ್ಕು ವರ್ಷದಲ್ಲಿ ಅದು 48,000 ಆಗುತ್ತದೆ. ಕೂಲಿ ಮಾಡುವ ಮನೆಯಲ್ಲಿ ಇದು ಕಾಲೇಜಿನ ಬಾಗಿಲು ತೆರೆಯುವಷ್ಟು ದೊಡ್ಡ ಮೊತ್ತ.

ಎಸ್ಸೆಸ್ಸೆಲ್ಸಿಯಲ್ಲಿ ಒಂದು ವಿಷಯ ಹೋಯಿತೆಂದು ಕಣ್ಣೀರಿಡುವ ಮಕ್ಕಳು ನೆನಪಿಡಬೇಕಾದದ್ದೂ ಇದೆ. 2024ರಿಂದ ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆದು ಪಾಸಾಗುವ, ಅಂಕ ಹೆಚ್ಚಿಸಿಕೊಳ್ಳುವ ಅವಕಾಶ ಬಂದಿದೆ. ಫಲಿತಾಂಶ ಬಂದ ಮರುದಿನ ಶಾಲೆಗೆ ಹೋಗಿ ಮಾಷ್ಟ್ರ ಎದುರು ನಿಲ್ಲಲು ನಾಚಬೇಕಿಲ್ಲ. ನಿಮಗಾಗಿ ಮತ್ತೆ ಪಾಠ ಹೇಳಲು ಅವರು ಸಿದ್ಧರಿರುತ್ತಾರೆ.

ಹೆತ್ತವರಿಗೆ ಹೇಳಬೇಕಾದದ್ದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ವಿಚಾರ. 2001ರಲ್ಲಿ ರೂಪುಗೊಂಡ ಈ ಸಮಿತಿಗಳಲ್ಲಿ ಹೆತ್ತವರದೇ ಬಹುಮತ. ಸಭೆಗೆ ಸಹಿ ಹಾಕಿ ಬರುವುದರಲ್ಲಿ ಕರ್ತವ್ಯ ಮುಗಿಯುವುದಿಲ್ಲ. ಶೌಚಾಲಯಕ್ಕೆ ನೀರಿದೆಯೇ, ಗಣಿತ ಶಿಕ್ಷಕರ ಹುದ್ದೆ ಎಷ್ಟು ಕಾಲದಿಂದ ಖಾಲಿ, ಗ್ರಂಥಾಲಯದ ಕಪಾಟಿನ ಬೀಗ ಕೊನೆಯ ಸಲ ತೆರೆದದ್ದು ಯಾವಾಗ ಎಂದು ಕೇಳುವ ಹಕ್ಕು ಅವರಿಗಿದೆ. ಕೇಳುವವರಿದ್ದ ಶಾಲೆ ಎಚ್ಚರವಾಗಿರುತ್ತದೆ. ಮಾಷ್ಟ್ರು ಒಳ್ಳೆಯ ಕೆಲಸ ಮಾಡಿದಾಗ ಅದೇ ಸಭೆಯಲ್ಲಿ ಎದ್ದು ನಿಂತು ಒಂದು ಮಾತು ಹೇಳುವುದಕ್ಕೂ ಖರ್ಚಿಲ್ಲ.

ಜೂನ್ ಬರುವ ಮೊದಲು, ಯಾವ ಶಾಲೆಗಾದರೂ ಶುಲ್ಕ ಕಟ್ಟುವ ಮೊದಲು, ಮನೆಯ ಹತ್ತಿರದ ಸರಕಾರಿ ಶಾಲೆಗೆ ಒಂದು ಬೆಳಿಗ್ಗೆ ಹೋಗಿ ಬನ್ನಿ. ತರಗತಿಯ ಹಿಂದೆ ಹತ್ತು ನಿಮಿಷ ನಿಂತು ನೋಡಿ. ಕಲಿಸುವವರಿದ್ದಾರೆ ಎಂದು ಮನಸ್ಸಿಗೆ ತೋರಿದರೆ ಮಗುವಿನ ಕೈಹಿಡಿದು ಒಳಗೆ ಬಿಡಿ. ಇಲ್ಲವೆಂದು ತೋರಿದರೆ, ಏನು ಬೇಕು ಎಂದು ಹೆಡ್‌ಮಾಷ್ಟ್ರಲ್ಲಿ ಕೇಳಿ. ದಡ್ಡಲಕಾಡಿನವರು ಶುರುಮಾಡಿದ್ದೂ ಇಂಥ ಒಂದು ಪ್ರಶ್ನೆಯಿಂದಲೇ. ಮುಂದಿನ ಮೇ ತಿಂಗಳಲ್ಲಿ ಜಿಲ್ಲೆಗೆ ಎಷ್ಟನೇ ಸ್ಥಾನ ಬಂದೀತೋ ಬರಲಿ. ಊರಿನ ಶಾಲೆಯ ಗಂಟೆ ಈ ಜೂನಿನಲ್ಲೂ ಬಾರಿಸಬೇಕು, ಅದನ್ನು ಕೇಳಿ ಓಡಿ ಬರುವ ಮಕ್ಕಳಿರಬೇಕು.